ಮದುಮಗಳ ಅಣ್ಣ ಮತ್ತು ಹೊಸ ಗ್ರಾಫಿಕ್ಸ್ ಕಾರ್ಡ್

“ಮೇಡಂ, ನಿಮ್ಮ ವಿಡಿಯೋ ಕೆಟ್ಟುಹೋಗಿದೆ.”

ಬಾಯಿಗಿಟ್ಟ ಬಿಸ್ಕತ್ತು ಅಲ್ಲೇ ನಿಂತಿತು. ಫೋನಿನಲ್ಲಿ ಮಾತಾಡುತ್ತಿರುವವನು ಯಾರೆಂದು ಅವಳು ಕೇಳಬೇಕಾಗಿರಲಿಲ್ಲ. ಆ ದನಿಯನ್ನು ವಾರಗಟ್ಟಲೆ ಹೆಡ್‌ಫೋನಿನಲ್ಲಿ ಕೇಳಿದ್ದಳು.

ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವುದು ಅವಳ ಕೆಲಸ. ಕ್ಯಾಮೆರಾ ಹಿಡಿದು ಮದುವೆಗೆ ಹೋಗುವವನು ಅಕ್ಕನ ಗಂಡ. ಭಾವ ತಂದು ಸುರಿದದ್ದನ್ನೆಲ್ಲ ಅವಳು ಮೂಲೆಯ ಕೋಣೆಯಲ್ಲಿ ಕೂತು ಎಡಿಟ್ ಮಾಡುತ್ತಾಳೆ. ಹೀಗಾಗಿ ಊರಿನ ಎಷ್ಟೋ ಜನರನ್ನು ಅವಳು ಬಲ್ಲಳು, ಅವರಿಗೆ ಇವಳು ಯಾರೆಂದೇ ಗೊತ್ತಿಲ್ಲ. ಈಗ ಫೋನ್ ಮಾಡಿರುವ ಈ ಮದುಮಗಳ ಅಣ್ಣನನ್ನಂತೂ ತುಸು ಹೆಚ್ಚೇ ಬಲ್ಲಳು. ಕನ್ನಡಕದ ಅಂಗಡಿಯವನು. ತಂಗಿಯ ಮದುವೆಯಲ್ಲೂ ಎದುರಿಗೆ ಸಿಕ್ಕವರ ಕನ್ನಡಕ ಕಿತ್ತು, ಒರೆಸಿ, ವಾಪಸ್ ಹಾಕುತ್ತಾನೆ. ನಗುವ ಮೊದಲು ಒಂದು ಗಳಿಗೆ ಗಂಭೀರವಾಗುತ್ತಾನೆ, ಯಾರದೋ ಅಪ್ಪಣೆಗೆ ಕಾಯುವವನ ಹಾಗೆ.

ಈಗ ದನಿಯಲ್ಲಿ ಮಾತ್ರ ನಗುವಿನ ಸುಳಿವೂ ಇರಲಿಲ್ಲ.

“ಶಬ್ದ ಬರ್ತಿದೆ, ಚಿತ್ರ ನಿಂತುಹೋಗುತ್ತೆ. ಭಾಷಣ ಮಾಡ್ತಿರೋದು ನಾನು, ಬಾಯಾಡಿಸ್ತಿರೋದು ನಮ್ಮ ಸೋದರಮಾವ. ಅದೂ ಊಟದ ತಟ್ಟೆ ಮುಂದೆ ಇಟ್ಕೊಂಡು.”

ಬಂದ ನಗುವನ್ನು ನುಂಗಿಕೊಂಡಳು. “ನನ್ನ ಹತ್ರ ಚೆನ್ನಾಗೇ ಓಡ್ತಿದೆ. ನಿಮ್ಮ ಕಂಪ್ಯೂಟರ್ ಹಳೇದಿರಬೇಕು.”

“ಹಳೇದಾ? ನಿನ್ನೆ ತಾನೇ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದೀನಿ. ನಾನೇ, ಕೈಯಾರೆ.”

“ಹಾಗಾದ್ರೆ ತೊಂದರೆ ಎಲ್ಲಿದೆ ಅಂತ ಗೊತ್ತಾಯ್ತು ಬಿಡಿ.”

“ಬಂದು ತೋರಿಸಿ ನೋಡೋಣ,” ಎಂದ.

ಭಾನುವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಹೆಗಲಿಗೇರಿಸಿ ಹೊರಟಳು. ಕಂಪ್ಯೂಟರ್ ನೋಡಲು ಹೋಗುವವಳು ಇಷ್ಟು ಸಲ ಯಾಕೆ ಬಟ್ಟೆ ಬದಲಿಸುತ್ತೀಯೆ ಎಂದು ಅಕ್ಕ ಕೇಳಿದಾಗ, ಸೆಖೆ ಎಂದಳು.

ಬಾಗಿಲು ತೆರೆದವನು ಅವನೇ. ಅವಳ ಬಾಯಿ ಅವಳಿಗಿಂತ ಮುಂದೆ ಓಡಿತು.

“ಅಯ್ಯೋ, ಕೂದಲು ಕತ್ತರಿಸಿಬಿಟ್ರಾ?”

ಅವನು ತಲೆ ಮುಟ್ಟಿಕೊಂಡ. “ನಾವು ಮುಂಚೆ ಎಲ್ಲಾದ್ರೂ ಭೇಟಿಯಾಗಿದ್ವಾ?”

“ಇಲ್ಲ.” ನಾಲಗೆ ಕಚ್ಚಿಕೊಂಡಳು. “ಕಂಪ್ಯೂಟರ್ ಎಲ್ಲಿ?”

ನಡುಮನೆಯಲ್ಲಿ ಗೋಡೆಯಗಲ ಟಿವಿ, ಅದರ ಕೆಳಗೆ ಮೇಜು, ಮೇಜಿನ ಕೆಳಗೆ ಕಂಪ್ಯೂಟರಿನ ಪೆಟ್ಟಿಗೆ. ಎದುರಿಗೆ ಕಪ್ಪು ಕನ್ನಡಕ ಹಾಕಿಕೊಂಡು ಅವನ ಅಜ್ಜಿ ಕೂತಿದ್ದರು. ಮದುವೆಯ ದಿನ ಅಜ್ಜಿ ಮೊದಲ ಸಾಲಿನಲ್ಲೇ ಇದ್ದರಂತೆ, ಆದರೆ ಎರಡು ಕಣ್ಣಿಗೂ ಪೊರೆ; ಮೊಮ್ಮಗಳ ಮುಖ ಕಂಡಿರಲಿಲ್ಲ. ಈಗ ಆಪರೇಷನ್ ಆಗಿದೆ. ಅಜ್ಜಿಗೆ ಆ ಮದುವೆಯನ್ನು ದೊಡ್ಡದಾಗಿ ತೋರಿಸಲೆಂದೇ ಮೊಮ್ಮಗ ಈ ಟಿವಿ, ಚಿತ್ರವನ್ನು ಸಲೀಸಾಗಿ ಓಡಿಸುವ ಈ ಕಾರ್ಡು ಎಲ್ಲ ತಂದದ್ದು. ಇದನ್ನೆಲ್ಲ ಅವನ ಅಮ್ಮ ಕಾಫಿ ಕೊಡುತ್ತಾ ಹೇಳಿದರು. ಅವಳ ಅರ್ಧ ಕೋಪ ಅಲ್ಲೇ ಇಳಿದುಹೋಯಿತು.

ಲ್ಯಾಪ್‌ಟಾಪಿನಲ್ಲಿ ಹಾಕಿ ತೋರಿಸಿದಳು. ವಿಡಿಯೋ ನೀರು ಹರಿದಂತೆ ಓಡಿತು.

“ನೋಡಿದ್ರಾ?” ಎಂದಳು, ಹುಬ್ಬು ಹಾರಿಸಿ.

“ನೋಡಿದೆ,” ಎಂದ. ಅವನು ನೋಡುತ್ತಿದ್ದದ್ದು ಹುಬ್ಬನ್ನು.

ಅಲ್ಲಿಂದ ಶುರುವಾಯಿತು ರಿಪೇರಿ. ಬೇರೆ ಪ್ಲೇಯರ್ ಹಾಕಿದಳು. ಸೋದರಮಾವ ಬಾಯಿ ತೆರೆದವರು ತೆರೆದೇ ಇದ್ದರು. ಸೆಟ್ಟಿಂಗ್ಸ್‌ನಲ್ಲಿ ಏನೇನೋ ಆಫ್ ಮಾಡಿದಳು. ಮದುಮಗಳು ಹಸಿರು ಬಣ್ಣಕ್ಕೆ ತಿರುಗಿದಳು. ಕಾರ್ಡನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಹಳೆಯದಿರಬೇಕೆಂದು ಕಿತ್ತುಹಾಕಿ ಹೊಸದನ್ನು ಇಳಿಸಿದಳು. ರೀಸ್ಟಾರ್ಟ್ ಆದಾಗ ಪರದೆಯ ಮೇಲಿನ ಅಕ್ಷರಗಳೆಲ್ಲ ಕುಂಬಳಕಾಯಿ ಗಾತ್ರಕ್ಕೆ ಊದಿಕೊಂಡಿದ್ದವು.

“ನಮ್ಮ ಅಂಗಡೀಲಿ ಕಣ್ಣು ಪರೀಕ್ಷೆ ಮಾಡೋ ಬೋರ್ಡ್ ಇದ್ದಂಗಿದೆ,” ಎಂದ ಅವನು. “ಎರಡನೇ ಸಾಲು ಓದಿ ನೋಡೋಣ.”

“ತಮಾಷೆ ಸಾಕು. ನೀವು ಕಾರ್ಡ್ ಹಾಕುವಾಗ ಏನು ಮಾಡಿದ್ರಿ, ಅದನ್ನ ಹೇಳಿ.”

“ಪೆಟ್ಟಿಗೆ ಬಿಚ್ಚಿದೆ, ಕಾರ್ಡ್ ಒತ್ತಿದೆ, ಟಕ್ ಅಂತು. ಮುಚ್ಚಿದೆ.”

“ಅಷ್ಟೇನಾ?”

“ಟಕ್ ಅಂದಮೇಲೆ ಇನ್ನೇನಿರುತ್ತೆ?”

ಅಕ್ಷರಗಳು ಮಾಮೂಲಿಗೆ ಬಂದವು, ಚಿತ್ರ ಮಾತ್ರ ಕುಂಟುತ್ತಲೇ ಇತ್ತು. ಅವನು ಸ್ಕ್ರೂಡ್ರೈವರ್ ತರಲು ಒಳಗೆ ಹೋದ. ಅಷ್ಟರಲ್ಲಿ ಅಜ್ಜಿ ಅವಳ ಕೈ ಹಿಡಿದು ಹತ್ತಿರಕ್ಕೆಳೆದುಕೊಂಡರು.

“ಮಗು, ಒಂದು ಮಾತು ನಿಜ ಹೇಳು. ನಿನಗೂ ಚಿತ್ರ ನಿಂತು ನಿಂತು ಕಾಣ್ತಿದೆಯಾ?”

“ಹೌದಜ್ಜಿ. ಯಾಕೆ?”

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡರು. “ನಿನ್ನೆಯಿಂದ ಎದೆ ಬಡ್ಕೊಳ್ತಿತ್ತು. ಆಪರೇಷನ್ನೇ ಕೆಟ್ಟಿದೆ, ಇವರೆಲ್ಲ ನನ್ನ ಮುಂದೆ ನಾಟಕ ಮಾಡ್ತಿದ್ದಾರೆ ಅಂದ್ಕೊಂಡಿದ್ದೆ. ಇವನು ನಿನ್ನ ಮೇಲೆ ರೇಗಿದ್ದೂ ಆ ನಾಟಕದ್ದೇ ಅಂತ.”

“ನಿಮ್ಮ ಕಣ್ಣು ಚಿನ್ನದಂಗಿದೆ ಅಜ್ಜಿ. ಕೆಟ್ಟಿರೋದು ನಿಮ್ಮ ಮೊಮ್ಮಗನ ಕೈಕೆಲಸ.”

ಬಾಗಿಲಲ್ಲಿ ಸ್ಕ್ರೂಡ್ರೈವರ್ ಹಿಡಿದು ಅವನು ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದನೆಂದು ಮುಖವೇ ಹೇಳುತ್ತಿತ್ತು. ಬಂದು ಅಜ್ಜಿಯ ಕಾಲ ಬಳಿ ಕೂತು, ಅವರ ಕಪ್ಪು ಕನ್ನಡಕ ತೆಗೆದು, ಒರೆಸಿ, ವಾಪಸ್ ಹಾಕಿದ. ಈ ದೃಶ್ಯವನ್ನು ಪಾಜ್ ಮಾಡಿ ಇಟ್ಟುಕೊಳ್ಳುವ ಬಟನ್ ಅವಳ ಬಳಿ ಇರಲಿಲ್ಲ. ಬೇರೆ ದಾರಿ ಕಾಣದೆ ಮೇಜಿನ ಕೆಳಗೆ ತೂರಿದಳು.

ಕೆಳಗೆ ಧೂಳೋ ಧೂಳು. ಫೋನಿನ ಬೆಳಕು ಬಿಟ್ಟು ಪೆಟ್ಟಿಗೆಯ ಬೆನ್ನು ನೋಡಿದಳು. ನೋಡಿ ಕೆಮ್ಮಿದಳು, ಕೆಮ್ಮುತ್ತಲೇ ಬೈದಳು.

“ರೀ ಸ್ವಾಮಿ! ಟಿವಿ ವೈರ್ ಇನ್ನೂ ಹಳೇ ತೂತಲ್ಲೇ ಇದೆ! ಹೊಸ ಕಾರ್ಡ್ ಪಾಪ ಅತಿಥಿ ಥರ ಸುಮ್ನೆ ಕೂತಿದೆ, ಭಾರ ಹೊರ್ತಿರೋದೆಲ್ಲ ಹಳೇದೇ!”

“ಎಲ್ಲಿ, ಎಲ್ಲಿ?” ಅವನೂ ತೂರಿದ. ಎರಡು ತಲೆಗಳು ಢಿಕ್ಕಿ ಹೊಡೆದವು. ಫೋನಿನ ಬೆಳಕಲ್ಲಿ ಇಬ್ಬರೂ ಹಣೆ ಉಜ್ಜಿಕೊಳ್ಳುತ್ತಾ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಕೂತರು. ಅವನು ಒಂದು ಗಳಿಗೆ ಗಂಭೀರನಾದ. ಈಗ ನಗುತ್ತಾನೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ನಕ್ಕ. ಗೊತ್ತಿದ್ದರೂ ಎದೆ ಧಸಕ್ಕೆಂದಿತು.

“ಏನ್ರೋ ಅದು, ಒಂದು ವೈರಿಗೆ ಇಷ್ಟು ಹೊತ್ತಾ?” ಮೇಲಿನಿಂದ ಅಮ್ಮನ ದನಿ.

ವೈರ್ ಬದಲಾಯಿತು. ಪರದೆ ಕಪ್ಪಾಗಿ, ಮಿನುಗಿ, ಬೆಳಗಿತು. ಗೋಡೆಯಗಲ ಮದುಮಗಳು ತಲೆಯೆತ್ತಿ ನಕ್ಕಳು. “ಅಯ್ಯೋ ನನ್ನ ಬಂಗಾರವೇ, ಕೆನ್ನೇಲಿ ಗುಳಿ ಬೀಳುತ್ತಲ್ಲೇ ನಿನಗೆ,” ಎಂದು ಅಜ್ಜಿ ಎರಡೂ ಕೈ ಚಾಚಿದರು. ಅಮ್ಮ ಕಣ್ಣೊರೆಸಿಕೊಂಡರು.

ಎಲ್ಲ ಸುಖವಾಗಿತ್ತು, ವಿಡಿಯೋ ಸಲೀಸಾಗಿ ಮುಂದೆ ಸಾಗುವವರೆಗೆ. ಅವಳಿಗೆ ಆಗ ನೆನಪಾಯಿತು, ಇದರಲ್ಲಿ ಮುಂದೆ ಏನೇನಿದೆ ಎಂದು. ಅಣ್ಣ ಹೂವಿನ ಬುಟ್ಟಿ ಹೊರುತ್ತಾನೆ. ಅಣ್ಣ ಮಗುವೊಂದರ ಶೂ ಕಟ್ಟುತ್ತಾನೆ. ಅಣ್ಣ ಕಂಬದ ಮರೆಯಲ್ಲಿ ಅಳುತ್ತಾನೆ. ಗಂಡು ನಿಂತಲ್ಲಿ ಗಂಡಿನ ಹಿಂದೆ ಅಣ್ಣ. ಭಾವ ಕ್ಯಾಮೆರಾದಲ್ಲಿ ಎಲ್ಲರನ್ನೂ ಹಿಡಿದಿದ್ದ. ಆರಿಸಿ ಆರಿಸಿ ಇಟ್ಟವಳು ಇವಳು.

ಅಜ್ಜಿಯ ಹೊಸ ಕಣ್ಣು ಚುರುಕಾಗಿತ್ತು. “ಮದುವೆ ಮೊಮ್ಮಗಳದಲ್ವಾ? ಇದರಲ್ಲಿ ಇವನದೇ ಕಾರುಬಾರು ಜಾಸ್ತಿ ಇದೆಯಲ್ಲ.”

ಭೂಮಿ ಬಾಯಿಬಿಡಬಾರದೇ ಎನಿಸಿತು ಅವಳಿಗೆ. ಅಮ್ಮ ಅವಳನ್ನೊಮ್ಮೆ, ಮಗನನ್ನೊಮ್ಮೆ ನೋಡಿ, ನಗು ಮುಚ್ಚಿಕೊಳ್ಳಲು ಕಾಫಿ ಲೋಟಗಳನ್ನೆತ್ತಿಕೊಂಡು ಒಳಗೆ ಹೋದರು. ಅವನ ಕಿವಿಗಳು ಕೆಂಪಾಗಿದ್ದವು.

“ನಾನಿನ್ನು ಹೊರಡ್ತೀನಿ,” ಎಂದು ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ ಬಾಗಿಲು ದಾಟಿದಳು.

ಅವನು ಬೀದಿಯ ತಿರುವಿನಲ್ಲಿ ಬಂದು ಸೇರಿಕೊಂಡ. ಬಸ್‌ಸ್ಟಾಪಿನವರೆಗೂ ಇಬ್ಬರೂ ಜೊತೆಗೇ ನಡೆದರು. ಬೆಂಚಿನ ಎರಡು ತುದಿಗಳಲ್ಲಿ ಕೂತರು.

“ವಿಡಿಯೋ ತುಂಬ ನಾನೇ ಇರೋದು ಕೈತಪ್ಪಿ ಆಗಿದ್ದಾ?” ಎಂದ.

ಸುಳ್ಳು ಹೇಳಬಹುದಿತ್ತು. ಇಷ್ಟು ದಿನ ಆ ಮುಖವನ್ನು ಪರದೆಯಲ್ಲಿ ನೋಡಿದವಳಿಗೆ ಎದುರಿಗಿದ್ದಾಗ ಸುಳ್ಳು ಹೊರಡಲಿಲ್ಲ.

“ಇಲ್ಲ. ಕತ್ತರಿಸೋಕೆ ಹೋಗ್ತಿದ್ದೆ, ಮನಸ್ಸು ಬರ್ತಿರಲಿಲ್ಲ. ನಿಮ್ಮನ್ನ ನೋಡಿ ನೋಡಿ ಅಭ್ಯಾಸ ಆಗೋಯ್ತು. ನಿಮಗೆ ನಾನು ಯಾರು ಅಂತಾನೇ ಗೊತ್ತಿಲ್ಲ, ಅದು ನನಗೂ ಗೊತ್ತು. ನಗಬೇಕು ಅನ್ಸಿದ್ರೆ ನಕ್ಕುಬಿಡಿ.”

ಅವನು ನಗಲಿಲ್ಲ. ಬೆಂಚಿನ ಮೇಲೆ ಸ್ವಲ್ಪ ಹತ್ತಿರ ಸರಿದ.

“ಇದು ಅನ್ಯಾಯ. ನಿಮಗೆ ನನ್ನ ನೋಡೋಕೆ ವಾರಗಟ್ಟಲೆ ಸಿಕ್ತು. ನನಗೆ ಸಿಕ್ಕಿದ್ದು ಒಂದೇ ಮಧ್ಯಾಹ್ನ.”

“ಸಾಕಾಗಲಿಲ್ವಾ?”

“ಎಲ್ಲಿ ಸಾಕಾಗುತ್ತೆ? ನೀವು ಮೇಜಿನ ಕೆಳಗೆ ಕೂತು ಕೆಮ್ಕೊಂಡು ಬೈತಿದ್ರಲ್ಲ, ಆಗ ಅಂದ್ಕೊಂಡೆ, ದೇವರೇ, ಇನ್ನೂ ಏನಾದ್ರೂ ಕೆಟ್ಟಿರಲಿ ಅಂತ. ಸರಿಯಾಗೋಯ್ತಲ್ಲ ಅಂತ ಹೊಟ್ಟೆ ಉರೀತು.”

ಅವಳು ತಲೆ ತಗ್ಗಿಸಿ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತತೊಡಗಿದಳು. ಮುಖದ ತುಂಬ ಹರಡಿದ ನಗುವನ್ನು ಎಲ್ಲಿ ಬಚ್ಚಿಡುವುದೆಂದು ತಿಳಿಯಲಿಲ್ಲ.

ಬಸ್ಸು ಬಂದು ನಿಂತಿತು. ಬಾಗಿಲು ತೆರೆದುಕೊಂಡಿತು. ಕಂಡಕ್ಟರ್ ಬಗ್ಗಿ ನೋಡಿ, “ಹತ್ತೋರಿದ್ದೀರಾ?” ಎಂದ.

“ಇಲ್ಲ,” ಎಂದರು ಇಬ್ಬರೂ ಒಟ್ಟಿಗೆ.

ಕಂಡಕ್ಟರ್ ಸೀಟಿ ಊದಿದ. ಹೊಗೆ ಬಿಟ್ಟುಕೊಂಡು ಬಸ್ಸು ಹೊರಟುಹೋಯಿತು. ಅವಳು ಇಬ್ಬರ ನಡುವಿದ್ದ ಚೀಲವನ್ನು ಎತ್ತಿ ಬೆಂಚಿನ ಆಚೆ ಬದಿಗಿಟ್ಟು, ಅವನಿಗೆ ಪಕ್ಕದಲ್ಲೇ ಕೂರಲು ಜಾಗ ಮಾಡಿಕೊಟ್ಟಳು.