ರೇಟು ನೋಡೋ ಕಂಪ್ಯೂಟರ್‌ನಾಗ ರೋಗ

“ಯಾರವನು? ಹೆಸರು ಹೇಳು!”

ಹಾಲೇಶ್ ಹೆಂಡತಿ ಶೈಲಜಾಳ ರಟ್ಟೆ ಹಿಡಿದು ಕಂಪ್ಯೂಟರ್ ಮುಂದೆ ನಿಲ್ಲಿಸಿದ. ಹೊಸಪೇಟೆಯಲ್ಲಿ ಅವನದು ಅದಿರು ಲಾರಿಗಳ ಆಫೀಸು. ಡ್ರೈವರುಗಳೆಲ್ಲ ಬಾಗಿಲಲ್ಲೇ ನಿಂತು ನೋಡುತ್ತಿದ್ದರು.

“ಏನಾತ್ರಿ?” ಅಂದಳು ಅವಳು.

“ಓದು! ಗರ್ಭಕೋಶದ ಬಾಯಿ ಕ್ಯಾನ್ಸರ್ ಹತ್ತು ಮಂದಿ ಜೊತೆ ಮಲಗೋ ಹೆಂಗಸರಿಗೇ ಬರ್ತೈತಂತ. ಇಂಟರ್‌ನೆಟ್‌ನಾಗ ಬರದಾರ, ಅದೂ ಇಂಗ್ಲಿಷ್‌ನಾಗ!”

ಹಿಂದಿನ ದಿನವಷ್ಟೇ ಬಳ್ಳಾರಿಯ ಡಾಕ್ಟರಮ್ಮ, “ಕ್ಯಾನ್ಸರ್ ಇನ್ನೂ ಸಣ್ಣದೈತಿ, ಜಲ್ದಿ ಆಪರೇಷನ್ ಮಾಡಿಸ್ರಿ, ಗುಣ ಆಗ್ತೈತಿ” ಅಂದಿದ್ದರು. ಶೈಲಜಾ ಎಷ್ಟು ಸಮಾಧಾನದಿಂದ ಮನೆಗೆ ಬಂದಿದ್ದಳು!

“ಯಾರೋ ಬರೆದದ್ದನ್ನ ನಂಬ್ತೀರಿ... ನನ್ನ ನಂಬಲ್ಲೇನ್ರಿ?”

“ದಿನಾ ಮುಂಜಾನೆ ಚೀನಾದಾಗಿನ ಅದಿರಿನ ರೇಟು ಇದ್ರಾಗೇ ನೋಡ್ತೀನಿ. ಒಂದಿನ ಸುಳ್ಳಾಗಿಲ್ಲ. ಈಗ ಸುಳ್ಳು ಹೇಳ್ತೈತೇನು?”

ಅಯ್ಯೋ ಪುಣ್ಯಾತ್ಮ! ರೇಟು ಹಾಕುವವರು ಬೇರೆ, ರೋಗದ ಬಗ್ಗೆ ಬಾಯಿಗೆ ಬಂದದ್ದು ಬರೆಯುವವರು ಬೇರೆ ಅಂತ ಇವನಿಗೆ ಯಾರು ತಿಳಿಸಬೇಕು? ಶ್ರೀಮಂತನನ್ನಾಗಿ ಮಾಡಿದ ಪೆಟ್ಟಿಗೆ ಅವನಿಗೆ ದೇವರಾಗಿಬಿಟ್ಟಿತ್ತು.

ಅದೇ ಸಂಜೆ ಅವಳನ್ನು ಕಂಪ್ಲಿಯ ತವರಿಗೆ ಅಟ್ಟಿದ.

ತಾಯಿ ಪಂಪಮ್ಮ ಬಾಗಿಲು ಹಾಕಿಕೊಂಡು ಅತ್ತಳು. “ಆಪರೇಷನ್ ಅಂದ್ರ ಊರಿಗೆಲ್ಲ ಗೊತ್ತಾಗ್ತೈತಿ. ಮೊದಲು ಗಂಡ ಕರೀಲಿ, ಆಮ್ಯಾಲೆ ನೋಡೋಣು.”

ಗಂಡ ಕರೆಯಲಿಲ್ಲ. ದೀಪಾವಳಿ ಹೋಯ್ತು, ಯುಗಾದಿ ಹೋಯ್ತು, ಮತ್ತೆ ದೀಪಾವಳಿ ಬಂತು. ಶೈಲಜಾ ಫೋನ್ ಮಾಡಿದರೆ ಕಟ್ ಮಾಡುತ್ತಿದ್ದ.

‘ಊಟ ಮಾಡಿದ್ರೋ ಇಲ್ಲೋ...’ ಅಂದುಕೊಳ್ಳುತ್ತಿದ್ದಳು. ಛೇ, ಆ ಹುಚ್ಚಿಗೆ ಆಗಲೂ ಅವನದೇ ಚಿಂತೆ!

ಆ ಚಳಿಗಾಲ ಶುರುವಾದ ರಕ್ತಸ್ರಾವ ನಿಲ್ಲಲೇ ಇಲ್ಲ. ಪಂಪಮ್ಮ ಮಗಳನ್ನು ಬಳ್ಳಾರಿ ಆಸ್ಪತ್ರೆಗೆ ಸೇರಿಸಿದಳು. ಡಾಕ್ಟರಮ್ಮ ಹಾಲೇಶನನ್ನು ಕರೆಸಿದರು.

“ಅಕೀ ನಡತೆನೇ ಸರಿ ಇಲ್ಲ...” ಅಂದ ಅವನು.

“ಬಾಯಿ ಮುಚ್ರಿ! ಇದು ವೈರಸ್‌ನಿಂದ ಬರೋದು. ಗಂಡನ್ನ ಬಿಟ್ಟು ಯಾರನ್ನೂ ಕಾಣದವರಿಗೂ ಗಂಡನಿಂದ ಬರ್ತೈತಿ. ವರ್ಷಗಟ್ಟಲೆ ಮೈಯಾಗ ಸುಮ್ಮನಿರ್ತೈತಿ. ಮದುವೆಗೆ ಮುಂಚೆ ನೀವು ಯಾರ ಹತ್ರಾನೂ ಹೋಗಿಲ್ಲೇನು?”

ಹಾಲೇಶನ ಮುಖ ಕಪ್ಪಿಟ್ಟಿತು.

ವಾರ್ಡಿಗೆ ಬಂದವನು ಅವಳ ಮಂಚದ ಪಕ್ಕ ನೆಲಕ್ಕೆ ಕುಸಿದ.

“ಶೈಲೂ... ಲಾರಿ ಹೊಡೀವಾಗ, ಬಂದರಿನ ದಾರ್‍ಯಾಗ, ಬ್ಯಾರೆ ಹೆಂಗಸರ ಹತ್ರ ಹೋಗಿದ್ದೆ. ತಪ್ಪು ಮಾಡಿದವ ನಾನು, ಬೈದದ್ದು ನಿನ್ನ. ನೀ ಅಂದ್ರ ನನಗ ಜೀವ... ಆದ್ರೂ ಹಿಂಗ ಮಾಡಿದೆ!”

ಅವಳ ಕಣ್ಣು ತುಂಬಿತು. “ಡಾಕ್ಟ್ರು ಏನಂದ್ರು?”

“ಗುಣ ಆಗ್ತೈತಂತ.”

“ಸುಳ್ಳು ಹೇಳಬ್ಯಾಡ್ರಿ.”

“ಭಾಳ ಹಬ್ಬೈತಂತ. ಈಗ ಆಪರೇಷನ್ ಆಗಲ್ಲಂತ. ಕರೆಂಟ್ ಕೊಡ್ತಾರಂತ, ರೇಡಿಯೇಷನ್ನು... ಉಳೀತಾಳೋ ಇಲ್ಲೋ ಹೇಳಕ್ಕ ಬರಲ್ಲ ಅಂದ್ರು. ಅವತ್ತೇ ಮಾಡಿಸಿದ್ರ...”

ಶೈಲಜಾ ಕೈ ಚಾಚಿ ಅವನ ಕೈ ಹಿಡಿದಳು.

“ಈಗಾದ್ರೂ ನನ್ನ ನಂಬ್ತೀರೇನ್ರಿ?”

“ನಂಬ್ತೀನಿ, ಶೈಲೂ. ನಂಬ್ತೀನಿ!”

“ಇಷ್ಟು ಕೇಳಕ್ಕ ಸಾಯೋ ಮಟ್ಟಕ್ಕ ಬರಬೇಕಾತು ನೋಡ್ರಿ...”

ಅವನು ಬಿಕ್ಕಿಬಿಕ್ಕಿ ಅತ್ತ. ಅವಳು ಹಿಡಿದ ಕೈ ಬಿಡಲಿಲ್ಲ.

“ಅಳಬ್ಯಾಡ್ರಿ. ಮ್ಯಾಲೆ ಬಂದು ಕುಂದ್ರಿ... ನೆಲ ತಣ್ಣಗೈತಿ.”