ನೀರಿನ ಟ್ರ್ಯಾಕ್ಟರಿನ ಪಂಪ್

ಏಪ್ರಿಲ್ 28, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ಹೋಟೆಲ್ ಮಾಲೀಕ ಚಿತ್ತರಂಜನ ಠಾಣೆಗೆ ಬಂದು ದೂರು ಕೊಟ್ಟರು. ದೇರೆಬೈಲಿನ ಅವರ ಹೋಟೆಲಿನಲ್ಲಿ ಹಳೆಯ ಕಾಲದ ವಸ್ತುಗಳನ್ನು ಒಂದು ಕಟ್ಟೆಯ ಮೇಲೆ ಜೋಡಿಸಿಟ್ಟಿದ್ದಾರೆ. ಅಲ್ಲಿದ್ದ ಟ್ರ್ಯಾಕ್ಟರಿನ ಇಂಜೆಕ್ಷನ್ ಪಂಪ್ ಕಳವಾಗಿದೆ.

"ನೀರಿನ ಪಂಪಾ?" ಇನ್‌ಸ್ಪೆಕ್ಟರ್ ಸ್ನೇಹಲತಾ ಕೇಳಿದರು.

"ಅಲ್ಲ ಮೇಡಂ. ಎಂಜಿನ್ನಿಗೆ ಡೀಸೆಲ್ ತಳ್ಳುವಂಥದ್ದು. ಅರವತ್ತರ ದಶಕದ ಟ್ರ್ಯಾಕ್ಟರಿನದ್ದು. ಈಗ ಎಲ್ಲಿಯೂ ಸಿಗುವುದಿಲ್ಲ."

"ಆ ಟ್ರ್ಯಾಕ್ಟರ್ ನಿಮ್ಮಲ್ಲಿ ಉಂಟಾ?"

"ಇಲ್ಲ."

"ಮತ್ತೆ ಪಂಪ್ ಎಂತಕ್ಕೆ?"

"ನೋಡ್ಲಿಕ್ಕೆ. ಗಿರಾಕಿಗಳು ಫೋಟೋ ತೆಗೀತಾರೆ."

ಎಫ್ಐಆರ್ ದಾಖಲಾಯಿತು. ಮಧ್ಯಾಹ್ನ ಸ್ಥಳ ಪಂಚನಾಮೆಗೆ ಹೋದಾಗ ಪಂಪ್ ಇದ್ದ ಜಾಗದಲ್ಲಿ ಒಂದು ಕ್ರೋಟನ್ ಕುಂಡ ಇತ್ತು. ಜಾಗ ಖಾಲಿ ಕಾಣದ ಕಾರಣ ಕಳವಾದದ್ದು ಯಾವ ದಿನ ಎಂದು ಯಾರಿಗೂ ತಿಳಿಯಲಿಲ್ಲ.

"ದಿನಾ ಇಲ್ಲಿಂದಲೇ ಓಡಾಡ್ತೇನೆ ಮೇಡಂ, ಗೊತ್ತೇ ಆಗ್ಲಿಲ್ಲ" ಎಂದ ಮ್ಯಾನೇಜರ್ ಸುಜಿತ್.

"ಕಳ್ಳನಿಗೆ ಡೆಕೊರೇಷನ್ ಕೆಲಸ ಕೊಡಿ ಮಾರಾಯ್ರೆ" ಎಂದು ಹೆಡ್ ಕಾನ್‌ಸ್ಟೆಬಲ್ ರೋಷನ್ ನಕ್ಕ.

ಸ್ನೇಹಲತಾ ನಗಲಿಲ್ಲ. ಕುಂಡದ ಮಣ್ಣಿಗೆ ಬೆರಳು ಇಳಿಸಿದರು. ಒದ್ದೆ.

"ಇದಕ್ಕೆ ಇವತ್ತು ನೀರು ಹಾಕಿದ್ದು ಯಾರು?"

"ಗಾರ್ಡನಿನ ದೇಯಿ. ಕುಂಡದ ಕೆಲಸ ಎಲ್ಲ ಅವಳದ್ದೇ."

"ಇಲ್ಲಿ ಕುಂಡ ಇಡು ಅಂತ ಅವಳಿಗೆ ಹೇಳಿದ್ದು ಯಾರು?"

ಸುಜಿತ್ ಉಳಿದ ಕೆಲಸದವರನ್ನು ಕೇಳಿದ. ಯಾರೂ ಹೇಳಿರಲಿಲ್ಲ.

"ಅವಳ ಗಂಡನಿಗೆ ಎಂತ ಕೆಲಸ?"

"ಜಯ ಅಂತ. ಅರವತ್ತರ ದಶಕದ ಟ್ರ್ಯಾಕ್ಟರಿನಲ್ಲಿ ಗುಡ್ಡದ ಮನೆಗಳಿಗೆ ನೀರು ಹೊಡೀತಾನೆ."

ಸ್ನೇಹಲತಾ ಪಕ್ಕದಲ್ಲಿ ನಿಂತಿದ್ದ ಚಿತ್ತರಂಜನರತ್ತ ತಿರುಗಿದರು. "ಆ ಟ್ರ್ಯಾಕ್ಟರ್ ಇರುವವರು ಇಲ್ಲೇ ಇದ್ದಾರೆ. ದೂರಿನಲ್ಲಿ ಯಾಕೆ ಹೇಳಲಿಲ್ಲ?"

ಚಿತ್ತರಂಜನ ಮೊಬೈಲ್ ನೋಡುತ್ತ, "ನೀವು ಕೇಳಲಿಲ್ಲ" ಎಂದರು.

ಪಂಪಿನ ಬಿಲ್ಲು ಬಂದರಿನ ಗುಜರಿ ಗೋದಾಮಿನದ್ದು. ಮೂರು ಗಂಟೆಗೆ ಅಲ್ಲಿ ತಲುಪಿದಾಗ ಗೋದಾಮಿನ ಬಶೀರ್ ಬಿಲ್ಲು ನೋಡಿ ಕೆಂಡವಾದ.

"ಹಳೆಯ ಪಂಪ್ ಸೋರ್ಲಿಕ್ಕೆ ಶುರುವಾದಾಗಿಂದ ಎರಡು ವರ್ಷ ಹುಡುಕಿ ಪಂಜಾಬಿನಿಂದ ತರಿಸಿದ್ದು ಮೇಡಂ, ಜಯನಿಗೆ ಅಂತಲೇ. ಈ ಹೋಟೆಲ್ ಧಣಿ ಬಂದು, ಜಯ ನಮ್ಮವನು, ದುಡ್ಡು ನಾನೇ ಕೊಡ್ತೇನೆ, ಪಂಪ್ ತಲುಪಿಸ್ತೇನೆ ಅಂದ್ರು. ಒಳ್ಳೆ ಮನುಷ್ಯ ಅಂತ ಚಾ ಕುಡಿಸಿ ಕಳಿಸಿದೆ. ಥೂ!"

"ಆಮೇಲೆ?"

"ಫೋನ್ ಮಾಡಿ ಕೇಳಿದ್ರೆ ನಗಾಡಿದ್ರು. ಆ ಟ್ರ್ಯಾಕ್ಟರ್ ಹೋಟೆಲಿನ ಎದುರು ಶೋಗೆ ಬೇಕಂತೆ. ಜಯ ಅದನ್ನು ಮಾರುವವರೆಗೆ ಪಂಪ್ ಕೊಡುವುದಿಲ್ಲವಂತೆ."

ಹೊರಗೆ ಬಂದ ಮೇಲೆ ರೋಷನ್ ಮೆಲ್ಲಗೆ ಹೇಳಿದ: "ಬಿಲ್ಲು ಅವರ ಹೆಸರಲ್ಲಿ ಉಂಟು ಮೇಡಂ. ಕಾನೂನಿನಲ್ಲಿ ಪಂಪ್ ಅವರದ್ದೇ."

"ನನಗೆ ಕಾನೂನು ಹೇಳಿಕೊಡಬೇಡಿ!" ಸ್ನೇಹಲತಾ ಜೀಪಿನ ಬಾಗಿಲನ್ನು ಎಳೆದು ಬಡಿದರು.

ಜಯನ ಮನೆ ಇರುವ ಗುಡ್ಡಕ್ಕೆ ಬೇಸಿಗೆಯಲ್ಲಿ ನಲ್ಲಿನೀರು ಏರುವುದಿಲ್ಲ. ಓಣಿಯ ತಿರುವಿನಲ್ಲಿ ಲಾರಿ ಟ್ಯಾಂಕರೂ ತಿರುಗುವುದಿಲ್ಲ. ಜಯನ ಟ್ರ್ಯಾಕ್ಟರ್ ಕೆಟ್ಟು ನಿಂತ ಎರಡು ತಿಂಗಳು ಅಲ್ಲಿನ ಜನ ಕೆಳಗಿನ ಬಾವಿಯಿಂದ ಕೊಡ ಹೊತ್ತಿದ್ದರು. ಜೀಪು ತಲುಪಿದಾಗ ಅದೇ ಟ್ರ್ಯಾಕ್ಟರ್ ಟ್ಯಾಂಕಿಯೊಂದಿಗೆ ಓಣಿಯ ನಡುವೆ ಗುಡುಗುತ್ತ ನಿಂತಿತ್ತು. ಸುತ್ತ ಕೊಡಗಳ ಸಾಲು.

"ಬಂದ್ರಾ?" ಪಕ್ಕದ ಮನೆಯ ಗೇಟಿನಲ್ಲಿದ್ದ ಬರ್ನಡೆಟ್ ಬಾಯಿ ಸೊಂಟಕ್ಕೆ ಕೈ ಕೊಟ್ಟರು. "ನೀರಿಲ್ಲದೆ ಸಾಯುವಾಗ ಒಂದು ಜೀಪೂ ಬರ್ಲಿಲ್ಲ. ನೀರು ಬಂದ ಕೂಡಲೇ ಬಂತು ನೋಡಿ ಸವಾರಿ!"

ಜಯ ಎಂಜಿನ್ ನಿಲ್ಲಿಸಿದ. ಪಂಪಿನ ಮೈಮೇಲೆ ಕೊರೆದ ನಂಬರನ್ನು ಸ್ನೇಹಲತಾ ಬಿಲ್ಲಿನೊಂದಿಗೆ ಹೋಲಿಸಿದರು. ಅದೇ.

"ಇದು ಎಲ್ಲಿಂದ ಬಂತು?"

"ಬಶೀರಾಕ ಕೊಟ್ಟದ್ದು. ಇವಳೇ ಹೋಗಿ ತಂದಳು."

"ಬಶೀರ್ ಕೊಟ್ಟಿಲ್ಲ."

ಜಯ ಹೆಂಡತಿಯ ಮುಖ ನೋಡಿದ. ದೇಯಿ ಸೊಂಟದ ಮೇಲಿದ್ದ ಕೊಡವನ್ನು ಕೆಳಗಿಟ್ಟಳು.

"ನಾನು ತೆಗೆದದ್ದು. ಕೊಯ್ದ ಹುಲ್ಲಿನ ಬುಟ್ಟಿಯಲ್ಲಿ ಹಾಕಿ ತಂದೆ. ಇವರಿಗೆ ಗೊತ್ತಿಲ್ಲ, ಇವರನ್ನು ಮುಟ್ಟಬೇಡಿ."

"ಬಿಚ್ಚಬೇಕಾಗುತ್ತದೆ" ಎಂದ ರೋಷನ್.

"ಬಿಚ್ಚು, ಬಿಚ್ಚು!" ಬರ್ನಡೆಟ್ ಬಾಯಿ ಕೂಗಿದರು. "ಬಿಚ್ಚಿ ಆ ಪುಣ್ಯಾತ್ಮನ ತಲೆ ಮೇಲೆ ಇಡು, ಫೋಟೋ ಚಂದ ಬರ್ತದೆ!"

ಜಯ ಸ್ಪ್ಯಾನರ್ ಮುಟ್ಟಲಿಲ್ಲ. "ಮೇಲಿನ ಮೂರು ಮನೆ ಬಾಕಿ ಉಂಟು ಮೇಡಂ."

ಸ್ನೇಹಲತಾ ರೋಷನ್‌ನತ್ತ ನೋಡಿದರು. "ಜಪ್ತಿಗೆ ಸಾಕ್ಷಿಯಾಗಿ ಪಂಚರು ಬೇಕಲ್ಲ, ಹೋಗಿ ಕರೆದುಕೊಂಡು ಬನ್ನಿ. ನಡೆದುಕೊಂಡೇ ಹೋಗಿ." ಆಮೇಲೆ ಜಯನಿಗೆ, "ಅಷ್ಟರೊಳಗೆ ಮುಗಿಸಿ" ಎಂದರು.

ಪಂಚರು ಬಂದು ತಲುಪಿದಾಗ ಟ್ಯಾಂಕಿ ಖಾಲಿಯಾಗಿತ್ತು. ಪಂಪನ್ನು ಜಯನೇ ಬಿಚ್ಚಿ ಕೊಟ್ಟ. ಅದನ್ನು ಬಟ್ಟೆಯಲ್ಲಿ ಕಟ್ಟಿ, ಅರಗು ಮುದ್ರೆ ಹಾಕಿ, ಮುದ್ದೆಮಾಲಾಗಿ ವಶಕ್ಕೆ ಪಡೆದರು. ಸಂಜೆ ಐದು ಮುಕ್ಕಾಲಕ್ಕೆ, ಠಾಣೆಯಿಂದ ಬಂದ ಮಹಿಳಾ ಕಾನ್‌ಸ್ಟೆಬಲ್ ಮನ್ವಿತಾ ದೇಯಿಯನ್ನು ಬಂಧಿಸಿದಳು. ಕೆಲಸದವಳೇ ಮಾಡಿದ ಕಳವೆಂದು ಸೆಕ್ಷನ್ ಬದಲಾಯಿತು. ಪಂಪ್ ಯಾವಾಗ ಸಿಗುತ್ತದೆ ಎಂದು ಚಿತ್ತರಂಜನ ಎರಡು ಸಲ ಫೋನ್ ಮಾಡಿದರು. "ಕೋರ್ಟಿಗೆ ಅರ್ಜಿ ಹಾಕಿ. ಬಶೀರನಿಗೆ ಸುಳ್ಳು ಹೇಳಿ ಪಂಪ್ ತಂದ ವಿಷಯದಲ್ಲಿ ಹೇಳಿಕೆ ಕೊಡಲು ನಾಳೆ ನೀವೂ ಬರಬೇಕು" ಎಂದು ಸ್ನೇಹಲತಾ ಫೋನ್ ಇಟ್ಟರು.

ಠಾಣೆಯಲ್ಲಿ ದೇಯಿಯ ಹೇಳಿಕೆ ಬರೆಸಿಕೊಳ್ಳುವಾಗ ಕೇಳಿದರು: "ಪಂಪ್ ಎರಡು ತಿಂಗಳು ನಿನ್ನ ಕಣ್ಣೆದುರೇ ಇತ್ತು. ಆಗ ತೆಗೆಯದವಳು ಈಗ ಯಾಕೆ ತೆಗೆದೆ?"



"ಬೆಳಿಗ್ಗೆ ಸಂಜೆ ಅಲ್ಲಿನ ಹುಲ್ಲಿಗೆ ಪೈಪಿನಲ್ಲಿ ನೀರು ಬಿಡುವುದು ನನ್ನ ಕೆಲಸ ಮೇಡಂ. ಒಂದು ದಿನ ಮನೆಗೆ ಅಂತ ಎರಡು ಕೊಡ ತುಂಬಿಸಿಕೊಂಡೆ. ಧಣಿ ಗೇಟಿನಲ್ಲಿ ನಿಲ್ಲಿಸಿದ್ರು. ಬೈಯಲಿಲ್ಲ. ನಗಾಡಿಕೊಂಡು, ಹುಲ್ಲಿಗೇ ಚೆಲ್ಲು ಅಂದ್ರು. ಅವರ ಎದುರೇ ಎರಡೂ ಕೊಡ ಚೆಲ್ಲಿದೆ. ಮರುದಿನ ಪಂಪ್ ತೆಗೆದೆ."