ದಂಪತಿ ಸಮೇತರಾಗಿ ಬನ್ನಿ

"ಮುಟ್ಟಬೇಡ್ರೀ!"

ಭಾಗ್ಯ ಬೆಚ್ಚಿ ಕೀಬೋರ್ಡಿನಿಂದ ಕೈ ಹಿಂದೆಗೆದಳು. ಅರಸೀಕೆರೆಯ ಗಂಗಾಧರಪ್ಪನವರ ಕೊಬ್ಬರಿ ಮಂಡಿಗೆ ಆಗ ತಾನೇ ಕಾಲಿಟ್ಟಿದ್ದಳು. ಕಂಪ್ಯೂಟರ್ ಮುಂದೆ ಕೂತಿದ್ದ ಯುವಕ ಮೊದಲ ಭೇಟಿಯಲ್ಲೇ ಗದರಿಬಿಟ್ಟಿದ್ದ!

"ಬ್ಯಾಕಪ್ ಆಗ್ತಾ ಇದೆ. ಈಗ ಆಫ್ ಆದ್ರೆ ಎಲ್ಲಾ ಹೋಗುತ್ತೆ," ಎಂದವನು ಅವಳ ಮುಖ ನೋಡಿ ಮೆತ್ತಗಾದ. "ಸಾರಿ ಕಣ್ರೀ... ನಾನು ಹೇಮಂತ್."

ಬೈದ ಬಾಯಿಗೂ ಆ ಕಣ್ಣುಗಳಿಗೂ ಸಂಬಂಧವೇ ಇರಲಿಲ್ಲ.

ಇದು 2003ರ ಮಾತು. ಹೇಮಂತ್ ಫಾಕ್ಸ್‌ಪ್ರೊ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಬರೆದಿದ್ದ ಸಾಫ್ಟ್‌ವೇರೇ ಮಂಡಿಯನ್ನು ನಡೆಸುತ್ತಿತ್ತು. ವ್ಯಾಪಾರ ಬೆಳೆದು ಅದು ಏದುಸಿರು ಬಿಡತೊಡಗಿತ್ತು. ರೈತರ ಹೆಸರು, ಲೆಕ್ಕಗಳನ್ನೆಲ್ಲ ಕೂಡಿಡುವ, ಮುಂದೆ ಬಹುಕಾಲ ಬಾಳುವ ಡೇಟಾಬೇಸ್ ಆರಿಸಿಕೊಡಲು ಹಾಸನದಿಂದ ಭಾಗ್ಯಳನ್ನು ಕರೆಸಿದ್ದರು.

ಹಣ ಕೊಟ್ಟು ಕೊಳ್ಳುವ ದೊಡ್ಡ ಡೇಟಾಬೇಸೇ ಸರಿ ಎಂದು ಅವಳ ವಾದ. ಪುಕ್ಕಟೆ ಸಿಗುವುದೇ ಸಾಕು ಎಂದು ಅವನ ಹಟ. ಹಗಲೆಲ್ಲ ಜಗಳ, ಸಂಜೆ ಸ್ಟೇಷನ್ ಹತ್ತಿರ ಕಾಫಿ... ಬರಬರುತ್ತಾ ಇಬ್ಬರಿಗೂ ಸಂಜೆಯದೇ ಧ್ಯಾನ.

ಹಳೆಯ ಸಾಫ್ಟ್‌ವೇರಿನಲ್ಲಿದ್ದ ಹೆಸರುಗಳನ್ನೆಲ್ಲ ತಾನು ಆರಿಸಿದ ಡೇಟಾಬೇಸಿನ ಟ್ರಯಲ್ ಪ್ರತಿಗೆ ತುಂಬಿಸಿದ ಭಾಗ್ಯ, ಪರೀಕ್ಷೆಗೆಂದು ಮಂಡಿಯ ಪೂಜೆಯ ಆಹ್ವಾನವನ್ನು ರೈತರಿಗೆಲ್ಲ ಅದರಿಂದಲೇ ಮುದ್ರಿಸಿ ಕಳಿಸಿದಳು.

ಕೆಲವೇ ದಿನಗಳಲ್ಲಿ ಗಂಡಸಿ ಎಂಬ ಊರಿನಿಂದ ರಂಗಮ್ಮ ಎಂಬ ರೈತ ಹೆಂಗಸು ಕಾರ್ಡು ಹಿಡಿದು ಬಂದಳು.

"ನಮ್ಮೆಜಮಾನ್ರ ಹೆಸ್ರಿಗೆ ಕಾರ್ಡ್ ಹಾಕಿದ್ದೀರಲ್ಲಪ್ಪಾ... ದಂಪತಿ ಸಮೇತರಾಗಿ ಬನ್ನಿ ಅಂತ! ಎಲ್ಲಿಂದ ಕರ್ಕಂಡು ಬರ್ಲಿ? ಹೋದ್ ವರ್ಸ ಮಣ್ಣು ಮಾಡಿದ್ನಲ್ಲಾ..."

ಗಂಗಾಧರಪ್ಪನವರು ಹೇಮಂತ್ ಮೇಲೆ ಹರಿಹಾಯ್ದರು. "ಏನ್ಲಾ ಇದು? ಸತ್ತೋರ ಹೆಸ್ರು ತೆಗೀದೆ ಹಂಗೇ ಇಟ್ಕಂಡಿದ್ದೀಯಾ? ನಿನ್ ಪುಕ್ಕಟೆ ಡೇಟಾಬೇಸೂ ಬ್ಯಾಡ, ನೀನೂ ಬ್ಯಾಡ. ನಾಳೆಯಿಂದ ಗೋಡೌನ್ ನೋಡ್ಕೋ! ಮೇಡಂ ಹೇಳಿದ್ದನ್ನೇ ತಗಳಾನ."

ಹೇಮಂತ್ ಭಾಗ್ಯಳನ್ನೊಮ್ಮೆ ನೋಡಿದ. ಗೋಡೌನಿನ ಬೀಗದ ಕೈ ಎತ್ತಿಕೊಂಡ.

ಅಂದೇ ಸಂಜೆ ಭಾಗ್ಯಳಿಗೆ ನಿಜ ತಿಳಿಯಿತು. ಹಳೆಯ ಸಾಫ್ಟ್‌ವೇರಿನಲ್ಲಿ ಹೆಸರು ಅಳಿಸುವುದೆಂದರೆ ಅದಕ್ಕೊಂದು ಗುರುತು ಹಾಕುವುದಷ್ಟೇ. ಹೆಸರು ಮರೆಯಾಗುತ್ತದೆ, ಒಳಗೇ ಇರುತ್ತದೆ. ತೀರಿಕೊಂಡವರಿಗೆಲ್ಲ ಹೇಮಂತ್ ತಪ್ಪದೆ ಗುರುತು ಹಾಕಿದ್ದ. ಗುರುತು ನೋಡದೆ ಹೆಸರು ತುಂಬಿಸಿದವಳು ಅವಳು!

'ಈಗಲೇ ಹೋಗಿ ಹೇಳಬೇಕು...'

ಹೇಳಿದರೆ ಸಿಕ್ಕ ಮೊದಲ ಕೆಲಸವೇ ಕೈತಪ್ಪುತ್ತಿತ್ತು. ನಾಳೆ ಹೇಳೋಣ ಎಂದುಕೊಂಡಳು. ಮರುದಿನವೂ ಹಾಗೆಯೇ ಅಂದುಕೊಂಡಳು. ಗೋಡೌನಿನ ಧೂಳಿನಲ್ಲಿ ಕೆಮ್ಮುತ್ತಲೇ ಹೇಮಂತ್ ಅವಳನ್ನು ಕಂಡು ನಗುತ್ತಿದ್ದ. ಅವಳಿಗೆ ಊಟ ಸೇರಲಿಲ್ಲ, ಕನ್ನಡಿ ನೋಡಲೂ ನಾಚಿಕೆಯಾಯಿತು.

ಡೇಟಾಬೇಸಿನ ಆರ್ಡರಿಗೆ ಸಹಿ ಹಾಕುವ ದಿನ ಗಂಗಾಧರಪ್ಪನವರು ಪೆನ್ನು ತೆಗೆದರು.

"ಬೇಡ ಸರ್! ತಪ್ಪು ಹೇಮಂತ್‌ದಲ್ಲ... ನನ್ನದು!"

ಅಳುತ್ತಲೇ ಎಲ್ಲವನ್ನೂ ಹೇಳಿದಳು. ಅವರು ಪೆನ್ನು ಕೆಳಗಿಟ್ಟರು.

"ಇಷ್ಟ್ ದಿನ ಬಾಯಲ್ಲೇನ್ ಇಟ್ಕಂಡಿದ್ದೆ ತಾಯಿ? ಹೋಗು, ಆ ಹುಡುಗನ್ನ ಕಳಿಸು. ಈ ಕೆಲಸ ಇನ್ ನಿನ್ ಕೈಲಿ ಬ್ಯಾಡ."

ಅವಳು ಗೋಡೌನಿನ ಬಾಗಿಲಿಗೆ ಓಡಿದಳು.

"ಹೇಳಿಬಿಟ್ಟೆ ಹೇಮಂತ್... ಅದು ನನ್ನ ತಪ್ಪು..."

"ಗೊತ್ತು."

"ಗೊತ್ತಾ? ಮತ್ತೆ ಯಾಕೆ ಸುಮ್ಮನಿದ್ರಿ?"

"ನಾನು ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು. ನೀವಾಗೇ ಹೇಳ್ತೀರಾ ಅಂತ ಕಾಯ್ತಿದ್ದೆ. ಹೇಳದೇ ಇದ್ದಿದ್ರೆ..." ಅವನು ಹೆಗಲ ಮೇಲಿನ ಮೂಟೆ ಕೆಳಗಿಳಿಸಿದ. "ನನ್ನ ಪಾಲಿಗೆ ನೀವೇ ಹೋಗಿಬಿಡ್ತಿದ್ರಿ."

ಅವಳು ಮುಖ ಮುಚ್ಚಿಕೊಂಡಳು.

"ಅಳಬೇಡ್ರೀ. ನೀವು ಆರಿಸಿದ ಡೇಟಾಬೇಸೇ ಸರಿ. ಮಂಡಿಗೆ ಅದೇ ಬಾಳಿಕೆ ಬರೋದು. ಕಾರ್ಡ್ ಹೋಗೋಕೆ ಮುಂಚೇನೇ ನನಗೆ ಮನವರಿಕೆ ಆಗಿತ್ತು. ಈಗ ಯಜಮಾನ್ರಿಗೂ ಅದನ್ನೇ ಹೇಳ್ತೀನಿ."

"ಮತ್ತೆ... ದಿನಾ ಜಗಳ ಯಾಕೆ ಆಡ್ತಿದ್ರಿ?"

"ಒಪ್ಪಿಕೊಂಡಿದ್ರೆ ನೀವು ಅವತ್ತೇ ಹಾಸನದ ಬಸ್ಸು ಹತ್ತುತ್ತಿದ್ರಲ್ಲ!"

ಅಳುವಿನ ನಡುವೆ ಅವಳಿಗೆ ನಗು ಬಂತು. ನಗು ಬಂದದ್ದಕ್ಕೆ ಮತ್ತೆ ಅಳು ಬಂತು.

"ರಂಗಮ್ಮನ ಹತ್ರ ಕ್ಷಮೆ ಕೇಳ್ಬೇಕು ಹೇಮಂತ್... ಒಬ್ಬಳೇ ಹೋಗೋಕೆ ಧೈರ್ಯ ಬರ್ತಿಲ್ಲ."

ಅವನು ಅಂಗಿಯ ಧೂಳು ಕೊಡವಿ ಕೈ ಚಾಚಿದ.

"ಯಜಮಾನ್ರಿಗೆ ಹೇಳಿ ಬರ್ತೀನಿ, ಗಂಡಸಿಗೆ ಇಬ್ಬರೂ ಹೋಗೋಣ. ಇನ್ಮೇಲೆ ಎಲ್ಲಿಗೂ ನೀನು ಒಬ್ಬಳೇ ಹೋಗೋದು ಬೇಡ ಕಣೇ."